ರಟ್ಟಿಗೆ ಹಾಕಿದ ಹೊಲಿಗೆ

"ಸಾರ್ ಎಲ್ಲಾ ಹಾಡೂ ಓದಿದ್ರಮ್ಮಾ, ತುಂಬಾ ಚೆನ್ನಾಗಿದೆ ಅಂದ್ರು," ಎನ್ನುತ್ತ ಹಾಡಿನ ಕಂಪನಿಯ ಗುಮಾಸ್ತ ನೋಟ್‌ಬುಕ್ಕನ್ನು ಮೇಜಿನ ಮೇಲೆ ಅವಳತ್ತ ಸರಿಸಿದ. "ಸದ್ಯಕ್ಕೆ ಬೇಡವಂತೆ."

ಅವಳು ಅದನ್ನು ತಕ್ಷಣ ಮುಟ್ಟಲಿಲ್ಲ. ಮುಚ್ಚಿದ ಬಾಗಿಲಿನಾಚೆ ಯಾರೋ ಹಾಡುತ್ತಿದ್ದರು. ಕಿವಿಗೊಟ್ಟು ಕೇಳಿದಳು. ಪದಗಳು ತನ್ನವೇ? ಸರಿಯಾಗಿ ಕೇಳಿಸಲಿಲ್ಲ.

ನೋಟ್‌ಬುಕ್ಕು ಇಲ್ಲಿದ್ದ ಹದಿನೈದು ದಿನವೂ ಅವಳಿಗೆ ನೆಮ್ಮದಿಯಿರಲಿಲ್ಲ. ಪಕ್ಕದ ಅಂಗಡಿಯ ರೇಡಿಯೋದಲ್ಲಿ ಹೊಸ ಹಾಡು ಬಂದರೆ ಸಾಕು, ಹೊಲಿಗೆ ಮಷಿನ್ನಿನಿಂದ ಕಾಲು ತೆಗೆದು ಕೇಳುತ್ತಿದ್ದಳು. ಹಾಡು ಕದಿಯುವವರ ಕಥೆಗಳು ಅವಳಿಗೆ ಬೇಕಾದಷ್ಟು ಗೊತ್ತಿದ್ದವು. ಆದರೆ ಪೆಟ್ಟಿಗೆಯಲ್ಲಿಟ್ಟರೆ ಕೇಳುವವರು ಯಾರು? ಹತ್ತು ವರ್ಷದಲ್ಲಿ ಬರೆದ ಇಪ್ಪತ್ತೆರಡು ಹಾಡುಗಳಲ್ಲಿ ಒಂದನ್ನಾದರೂ ಬೇರೆಯವರ ಬಾಯಲ್ಲಿ ಕೇಳಬೇಕೆಂಬುದೊಂದೇ ಅವಳ ಆಸೆ.

ಅದಕ್ಕೇ, ಯಾರಾದರೂ ತೆರೆದರೆ ತನಗೆ ಗೊತ್ತಾಗಲೆಂದು, ಕೊಡುವ ಮುಂಚೆ ಎರಡೂ ರಟ್ಟುಗಳನ್ನು ಸೇರಿಸಿ ಅಂಚಿನಲ್ಲಿ ಒಂದೇ ಒಂದು ಹೊಲಿಗೆ ಹಾಕಿದ್ದಳು. ತೆರೆದವರಿಗೂ ತಿಳಿಯದಂತೆ ಹರಿದುಹೋಗುವಷ್ಟು ಸಣ್ಣ ದಾರ. ಅಕ್ಕ ನೋಡಿ ನಕ್ಕಿದ್ದಳು.

"ಅಲ್ಲ ಕಣೇ, ಹಾಡು ಕೇಳಿಸ್ಬೇಕು ಅಂತೀಯ, ಅದರ ಬಾಯಿ ಹೊಲಿದು ಕಳಿಸ್ತೀಯ. ಒಳ್ಳೇ ಕಥೆ ನಿಂದು!"

"ನಿಂಗೊತ್ತಿಲ್ಲ, ಸುಮ್ನಿರಕ್ಕ. ಬೆಳ್ಳಗಿರೋದೆಲ್ಲ ಹಾಲಲ್ಲ."

ಈಗ ನೋಟ್‌ಬುಕ್ಕನ್ನು ಕಿಟಕಿಯ ಬೆಳಕಿಗೆ ಹಿಡಿದಳು. ಹೊಲಿಗೆ ಹಾಗೇ ಇತ್ತು. ತಾನೇ ಹಾಕಿದ ಗಂಟು, ತಾನೇ ಬಿಟ್ಟ ದಾರದ ತುದಿ.

ಕದ್ದಿದ್ದರೆ ಜಗಳವಾಡಬಹುದಿತ್ತು. ಅದಕ್ಕೆ ಬೇಕಾದ ಮಾತುಗಳನ್ನೆಲ್ಲ ಬಸ್ಸಿನಲ್ಲೇ ಜೋಡಿಸಿಕೊಂಡು ಬಂದಿದ್ದಳು. ಕದಿಯುವುದಕ್ಕೂ ಬೇಡವಾದೆನೇ ಎಂದುಕೊಂಡಳು.

"ಅವರಿಗೆ ಯಾವ ಹಾಡು ಹಿಡಿಸ್ತಂತೆ?"

"ಅದೇ... ಮೊದಲನೇದು."

"ಏನಿದೆ ಅದರಲ್ಲಿ?"

ಗುಮಾಸ್ತ ಪೆನ್ನಿನ ಮುಚ್ಚಳ ತೆಗೆದ, ಮತ್ತೆ ಹಾಕಿದ. "ಪ್ರೀತಿ ವಿಷಯ ಅಲ್ವಾ?"

"ಅಂಗಿ ಗುಂಡಿ ವಿಷಯ. ನಮ್ಮಪ್ಪ ತೀರ್ಕೊಂಡ್ಮೇಲೆ ಅವರ ಅಂಗಿಯಿಂದ ಬಿಚ್ಚಿಟ್ಕೊಂಡಿದ್ದು."

ಅವನು ತಲೆ ತಗ್ಗಿಸಿ ಪಕ್ಕದ ಫೈಲಿಗೆ ಕೈಹಾಕಿದ. ಅವಳು ಅಂಗಡಿಯಲ್ಲಿ ಮಾಡುವಂತೆಯೇ ದಾರವನ್ನು ಹಲ್ಲಿನಿಂದ ಕಡಿದಳು. ನೋಟ್‌ಬುಕ್ಕು ತೆರೆದು, ನಿಂತಲ್ಲೇ ಪಲ್ಲವಿ ಎತ್ತಿಕೊಂಡಳು. ಮೊದಲ ಸಾಲಿಗೆ ದನಿ ನಡುಗಿತು. ಎರಡನೆಯದಕ್ಕೆ ಸರಿಹೋಯಿತು. ಗುಮಾಸ್ತನ ಕೈ ಫೈಲಿನ ಮೇಲೇ ಉಳಿಯಿತು.

ಮೂರನೇ ಸಾಲಿಗೆ ತಟ್ಟನೆ ನಿಲ್ಲಿಸಿದಳು. ಮೇಜಿನ ಮೇಲೆ ಅವನ ಫೋನು ಬೆಳಗುತ್ತಿತ್ತು.

"ರೆಕಾರ್ಡ್ ಮಾಡ್ತಿದೀರಾ?"

"ಅಯ್ಯೋ ಇಲ್ಲಮ್ಮಾ, ಮನೆಯಿಂದ ಫೋನ್ ಬರ್ತಿದೆ."

ಅವಳು ನಂಬಲಿಲ್ಲ. ಅವನು ಫೋನನ್ನು ಅವಳೆದುರೇ ಆರಿಸಿ, ಡ್ರಾಯರಿನಲ್ಲಿಟ್ಟು ಬೀಗ ಹಾಕಿದ. ಬೀಗದ ಕೈಯನ್ನು ಅವಳ ಕಡೆ ಸರಿಸಿದ. ಎದ್ದು ಹೋಗಿ, ಗರಗರ ಎನ್ನುತ್ತಿದ್ದ ಫ್ಯಾನನ್ನೂ ನಿಲ್ಲಿಸಿ ಬಂದು ಕುಳಿತ.

"ಮೊದಲಿಂದ ಹಾಡಿ," ಎಂದ.

ಬೀಗದ ಕೈಯನ್ನು ಮುಷ್ಟಿಯಲ್ಲಿ ಭದ್ರವಾಗಿ ಹಿಡಿದುಕೊಂಡು ಅವಳು ಮತ್ತೆ ಪಲ್ಲವಿ ಶುರುಮಾಡಿದಳು.