ಮೇಷ್ಟ್ರ ದನಿ ಇದ್ದ ಡಿಸ್ಕು

ಬೆಳಿಗ್ಗೆ ಕಂಪ್ಯೂಟರ್ ಹಾಕಿದರೆ ಪರದೆಯ ಮೇಲೆ ಅಕ್ಕನ ಮಗಳು ಮುಂದಿನ ಹಲ್ಲುಗಳಿಲ್ಲದೆ ನಗುತ್ತಿದ್ದಳು. ಗಂಟಲು ಡಾಕ್ಟರು ಕಾಫಿ ಲೋಟವನ್ನು ಹಿಡಿದು ಹಾಗೇ ನಿಂತರು. ಆ ಹುಡುಗಿಗೆ ಹಲ್ಲು ಬಂದು ಎಷ್ಟೋ ದಿನವಾಗಿತ್ತು. ಪಟವನ್ನೂ ಬದಲಾಯಿಸಿ ಆಗಿತ್ತು. ರಾತ್ರಿ ಕಳೆಯುವಷ್ಟರಲ್ಲಿ ಹಳೆಯದು ಎಲ್ಲಿಂದ ಎದ್ದು ಬಂತು?

ನಿಜ ಹೇಳಬೇಕೆಂದರೆ ಆಕೆ ಡಾಕ್ಟರಲ್ಲ, ದನಿ ಕೆಟ್ಟವರಿಗೆ ಮಾತಿನ ಅಭ್ಯಾಸ ಮಾಡಿಸುವವರು. ಆದರೆ ಬೀದಿಯವರಿಗೆಲ್ಲ ಅವರು ಗಂಟಲು ಡಾಕ್ಟರೇ. ಒಳಗೊಂದು ಇಕ್ಕಟ್ಟಾದ ಕೋಣೆ, ಗೋಡೆಗೆಲ್ಲ ದಪ್ಪ ಸ್ಪಂಜು, ನಡುವೆ ಒಂದು ಮೈಕು. ಕಾಯಿಲೆಯಿಂದ ಧ್ವನಿಪೆಟ್ಟಿಗೆಯನ್ನೇ ತೆಗೆಸಿಕೊಳ್ಳಬೇಕಾದವರು ಆಪರೇಷನ್ನಿಗೆ ಮೊದಲು ಅಲ್ಲಿ ಕೂತು, ಮುಂದೆ ತಮಗೆ ಬೇಕಾಗಬಹುದಾದ ಮಾತುಗಳನ್ನೆಲ್ಲ ಆಡಿ ಹೋಗುತ್ತಿದ್ದರು. ಆಮೇಲೆ ಅಂಗೈಯಗಲದ ಯಂತ್ರದಲ್ಲಿ ಗುಂಡಿ ಒತ್ತಿದರೆ ಅವರದೇ ದನಿಯಲ್ಲಿ ಆ ಮಾತು ಬರುತ್ತಿತ್ತು.

ಅವತ್ತು ಯಂತ್ರ ಒಯ್ಯಲು, ಆಪರೇಷನ್ ಮುಗಿಸಿಕೊಂಡಿದ್ದ ಲೆಕ್ಕದ ಮೇಷ್ಟ್ರು ಬರುವವರಿದ್ದರು. ಅದಕ್ಕೂ ಮೊದಲು ತರಕಾರಿ ಹರಾಜು ಕೂಗುವ ಗೊಗ್ಗರು ದನಿಯ ಒಬ್ಬ ಬಂದು, ಮೈಕಿನ ಮುಂದೆ ಕೂತು, ಬೆಲೆ ಕೂಗಿ ತೋರಿಸಿ ಹೋದ. ಅವನ ರೆಕಾರ್ಡಿಂಗನ್ನು ಉಳಿಸಿಟ್ಟ ಮೇಲೆ ಡಾಕ್ಟರು ಮೇಷ್ಟ್ರ ಫೋಲ್ಡರ್ ಹುಡುಕಿದರು. ಇರಲಿಲ್ಲ. ತಾವೇ ಅಳಿಸಿಹಾಕಿದ್ದ ಒಂದು ಫೋಲ್ಡರ್ ಮಾತ್ರ ಏನೂ ಆಗಿಲ್ಲವೆಂಬಂತೆ ಅಲ್ಲೇ ಕೂತಿತ್ತು.

ಅವರಿಗೆ ಹೆದರಿಕೆಗಿಂತ ಮೊದಲು ಬಂದದ್ದು ಕುತೂಹಲ. ಕಳೆದುಹೋಗಿದ್ದರೆ ಕಳೆದುಹೋಯಿತು ಅನ್ನಬಹುದು. ಅಳಿಸಿದ್ದು ವಾಪಸ್ಸು ಬಂದಿದೆಯಲ್ಲ, ಅದು ಹೇಗೆ? ಇದು ಮರೆತ ಯಂತ್ರವಲ್ಲ, ಹಿಂದಿನ ಯಾವುದೋ ದಿನದಲ್ಲಿ ಬದುಕುತ್ತಿರುವ ಯಂತ್ರ.

ಭಾವನಿಗೆ ಫೋನ್ ಮಾಡಿದರು. ಕಟ್ಟಡಗಳ ನಕ್ಷೆ ಬರೆಯುವುದು ಭಾವನ ಕೆಲಸ, ಕಂಪ್ಯೂಟರ್ ಬಿಚ್ಚಿ ಜೋಡಿಸುವುದು ಹುಚ್ಚು. ಇದನ್ನು ಕಟ್ಟಿಕೊಟ್ಟವರೂ ಅವರೇ. ಒಳಗೆ ಎರಡು ಡಿಸ್ಕು. ಬರೆದದ್ದೆಲ್ಲ ಏಕಕಾಲಕ್ಕೆ ಎರಡರಲ್ಲೂ ಕೂರುವಂತೆ ಒಂದು ಸಾಫ್ಟ್‌ವೇರು ನೋಡಿಕೊಳ್ಳುತ್ತಿತ್ತು. "ಒಂದು ಕೈಕೊಟ್ರೆ ಇನ್ನೊಂದು ಇರುತ್ತೆ. ನೀನು ಆರಾಮಾಗಿ ನಿದ್ದೆ ಮಾಡು" ಎಂದಿದ್ದರು.

ಭಾವ ಬಂದು ಪೆಟ್ಟಿಗೆ ಬಿಚ್ಚುವ ಹೊತ್ತಿಗೆ ಮೇಷ್ಟ್ರೂ ಅವರ ಹೆಂಡತಿಯೂ ಬಂದು ಬಾಗಿಲ ಬಳಿ ಕುರ್ಚಿಯಲ್ಲಿ ಕೂತಿದ್ದರು. ಮೇಷ್ಟ್ರ ಕೊರಳಿಗೆ ಮೆತ್ತನೆಯ ಬಟ್ಟೆ ಸುತ್ತಿತ್ತು. ಹೇಳಬೇಕಾದ್ದನ್ನು ಫೋನಿನಲ್ಲಿ ಬೆರಳಿಂದ ಕುಟ್ಟಿ ತೋರಿಸುತ್ತಿದ್ದರು. ಡಾಕ್ಟರು ಏನನ್ನೂ ಮುಚ್ಚಿಡಲಿಲ್ಲ. "ನಿಮ್ಮ ದನಿ ಸಿಕ್ತಿಲ್ಲ ಸಾರ್. ಎಲ್ಲಿ ಹೋಯ್ತು ಅಂತ ಹುಡುಕ್ತಿದ್ದೀವಿ" ಎಂದರು. ಹೆಂಡತಿ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡರು. ಮೇಷ್ಟ್ರು ಮಾತ್ರ ಕುರ್ಚಿ ಎಳೆದುಕೊಂಡು ಪೆಟ್ಟಿಗೆಯ ಹತ್ತಿರ ಬಂದರು.

"ನೋಡು, ಇಷ್ಟೇ ವಿಷಯ!" ಭಾವ ಗೆದ್ದವರಂತೆ ಒಂದು ಡಿಸ್ಕಿನ ವೈರನ್ನು ಅಲ್ಲಾಡಿಸಿ ತೋರಿಸಿದರು. "ನಿನ್ನೆ ಬೀರು ಇಡಕ್ಕೆ ಮೇಜು ಎಳೆದೆ ಅಲ್ವಾ? ಸಡಿಲ ಆಗಿದೆ."

ವೈರನ್ನು ಗಟ್ಟಿಯಾಗಿ ಒತ್ತಿ ಕಂಪ್ಯೂಟರ್ ಹಾಕಿದರು. ಪರದೆಯ ಮೇಲೆ ಸಾಲೊಂದು ಬಂತು: ಡಿಸ್ಕುಗಳು ಹೊಂದುತ್ತಿಲ್ಲ, ಸರಿಪಡಿಸಬೇಕೇ? ಭಾವನ ಬೆರಳು ಆಗಲೇ ಗುಂಡಿಯ ಮೇಲಿತ್ತು. ಮೇಷ್ಟ್ರು ಅವರ ಮೊಣಕೈ ಹಿಡಿದು, ಇನ್ನೊಂದು ಕೈಯಲ್ಲಿ ಫೋನು ಚಾಚಿದರು.

'ಯಾರು ಯಾರದ್ದು ನೋಡಿ ಬರೀತಾರೆ?'

"ಅಂದ್ರೆ?" ಎಂದರು ಭಾವ.

"ಇವರು ಪರೀಕ್ಷೆ ಹಾಲಲ್ಲೇ ಅರ್ಧ ಆಯಸ್ಸು ಕಳೆದವರು," ಎಂದರು ಹೆಂಡತಿ. "ಇಬ್ಬರ ಉತ್ತರ ಒಂದೇ ಥರ ಆಗ್ಬೇಕು ಅಂದ್ರೆ ಒಬ್ಬ ಇನ್ನೊಬ್ಬನದು ನೋಡಿ ಬರೀಲೇಬೇಕಲ್ಲ. ಅದನ್ನ ಕೇಳ್ತಿದ್ದಾರೆ."

ಡಾಕ್ಟರಿಗೆ ತಟ್ಟನೆ ಹೊಳೆಯಿತು. "ಭಾವ, ಸರಿಪಡಿಸೋದು ಅಂದ್ರೆ ಒಂದರ ಮೇಲೆ ಇನ್ನೊಂದನ್ನ ಬರೆಯೋದು ತಾನೆ? ಹಳೇದು ಹೋಗಿ ಹೊಸದರ ಮೇಲೆ ಕೂತ್ರೆ?"

ಭಾವ ಕಾದ ಪಾತ್ರೆ ಮುಟ್ಟಿದವರಂತೆ ಕೈ ಹಿಂದಕ್ಕೆ ತೆಗೆದುಕೊಂಡರು. "ಯಾವುದರಿಂದ ಯಾವುದಕ್ಕೆ ಅಂತ... ನಂಗೂ ಗೊತ್ತಿಲ್ಲ ಕಣೆ" ಎಂದರು.

ಕಂಪ್ಯೂಟರ್ ಆರಿಸಿದರು. ಎರಡೂ ಡಿಸ್ಕನ್ನು ಹೊರತೆಗೆದು, ಭಾವನ ಲ್ಯಾಪ್‌ಟಾಪಿಗೆ ಒಂದೊಂದಾಗಿ ಸಿಕ್ಕಿಸಿದರು. ಓದಲು ಮಾತ್ರ ಅಪ್ಪಣೆ, ಒಂದಕ್ಷರ ಬರೆಯುವಂತಿಲ್ಲ. ಆಗ ಕಥೆ ಬಿಚ್ಚಿಕೊಳ್ಳತೊಡಗಿತು. ಮೊದಲನೆಯ ಡಿಸ್ಕು ತಿಂಗಳುಗಳ ಹಿಂದೆಯೇ ಯಾವುದೋ ಕಾರಣಕ್ಕೆ ಜೋಡಿ ಬಿಟ್ಟು ಹೋಗಿ ಸುಮ್ಮನೆ ಕೂತುಬಿಟ್ಟಿತ್ತು. ಅಂದಿನಿಂದ ಎಲ್ಲ ಕೆಲಸವೂ ಎರಡನೆಯದರ ಮೇಲೆಯೇ. ನಿನ್ನೆ ವೈರು ಸಡಿಲವಾಗಿ ಅದು ಕಾಣದೆ ಹೋದಾಗ, ಕಂಪ್ಯೂಟರು ಎದುರಿಗೆ ಸಿಕ್ಕ ಹಳೆಯದನ್ನೇ ನಂಬಿ ಎದ್ದಿತ್ತು.

"ಕೆಟ್ರೆ ತಿಳಿಸುತ್ತೆ ಅಂದಿದ್ರಲ್ಲ?"

"ತಿಳಿಸಿರುತ್ತೆ." ಭಾವ ಕತ್ತು ಕೆರೆದುಕೊಂಡರು. "ನನ್ನ ಹಳೇ ಆಫೀಸಿನ ಇಮೇಲಿಗೆ. ಆ ಕೆಲಸ ಬಿಟ್ಟಾಗ ಅದೂ ಮುಚ್ಚಿಹೋಯ್ತು."

"ಅಂದ್ರೆ ಇಷ್ಟು ದಿನ ಅದು ಒಂದೇ ಸಮ ಕೂಗ್ತಾನೇ ಇತ್ತು, ಕೇಳೋರಿರಲಿಲ್ಲ."

ಮೇಷ್ಟ್ರ ಭುಜ ಅಲುಗಿತು. ಸದ್ದಿಲ್ಲದ ನಗು.

"ಸರಿ, ಹಳೇದನ್ನ ಎಸೆದ್ಬಿಡಣ" ಎಂದು ಭಾವ ಹುರುಪಿನಿಂದ ಎದ್ದರು.

"ಅದರಲ್ಲಿ ಬೆಳಿಗ್ಗೆ ಬಂದಿದ್ದ ಹರಾಜಿನವನ ದನಿ ಇದೆ" ಎಂದರು ಡಾಕ್ಟರು. ಇದರಲ್ಲಿರುವುದು ಅದರಲ್ಲಿಲ್ಲ, ಅದರಲ್ಲಿರುವುದು ಇದರಲ್ಲಿಲ್ಲ. ಅವಳಿಗಳೆಂದು ನಂಬಿಕೊಂಡಿದ್ದ ಡಿಸ್ಕುಗಳು ಬೇರೆಬೇರೆ ಮನೆಯ ಮಕ್ಕಳಾಗಿಬಿಟ್ಟಿದ್ದವು.

ಭಾವ ಅಂಗಡಿಗೆ ಹೋಗಿ ಹೊಸ ಡಿಸ್ಕುಗಳನ್ನು ತಂದರು. ಎರಡನ್ನೂ ಇದ್ದದ್ದು ಇದ್ದಂತೆ ಬೇರೆಬೇರೆಯಾಗಿ ನಕಲು ಮಾಡಲು ಕೂತರು. ಅದು ಸಂಜೆಯವರೆಗೂ ಹಿಡಿಯುವ ಕೆಲಸ. ದಂಪತಿ ಮನೆಗೆ ಹೋಗಿಬರಬಹುದಿತ್ತು, ಹೋಗಲಿಲ್ಲ. ಹೆಂಡತಿ ಆಗಾಗ ಹೊತ್ತೆಷ್ಟಾಯಿತೆಂದು ಹೇಳುತ್ತಿದ್ದರು. ಮೇಷ್ಟ್ರು ಪ್ರಶ್ನೆಯ ಮೇಲೆ ಪ್ರಶ್ನೆ ಕುಟ್ಟುತ್ತಿದ್ದರು. ಕೈತಪ್ಪಿ ಒಂದನ್ನು ಅಳಿಸಿದರೆ ಏನಾಗುತ್ತೆ? ಎರಡರಲ್ಲೂ ಅದೇ ಕ್ಷಣ ಅಳಿಯುತ್ತೆ, ಎಂದರು ಭಾವ. ಪೆಟ್ಟಿಗೆಯನ್ನೇ ಕಳ್ಳ ಹೊತ್ತುಕೊಂಡು ಹೋದರೆ? ಎರಡೂ ಒಟ್ಟಿಗೇ ಹೋದ ಹಾಗೆ, ಎಂದರು ಭಾವ.

"ಹಾಗಾದ್ರೆ ನನ್ನ ಹತ್ರ ಇದ್ದಿದ್ದು ಎರಡು ಡಿಸ್ಕು," ಎಂದು ಡಾಕ್ಟರು ನಿಧಾನವಾಗಿ ಹೇಳಿದರು, "ಎರಡು ಪ್ರತಿ ಅಲ್ಲ." ಇನ್ನು ಮೇಲೆ ವಾರವಾರ ಒಂದು ಪ್ರತಿ ಅಕ್ಕನ ಮನೆಗೆ ಹೋಗಬೇಕೆಂದು, ಅದನ್ನು ತೆರೆದು ಕೇಳಿಯೂ ನೋಡಬೇಕೆಂದು ಅಲ್ಲೇ ಗೊತ್ತುಮಾಡಿಕೊಂಡರು.

ನಕಲು ಮುಗಿದ ಮೇಲೆ ಮೇಷ್ಟ್ರ ಫೋಲ್ಡರ್ ಸಿಕ್ಕಿತು. ಕೆಲವು ವಾಕ್ಯಗಳು ಅರ್ಧಕ್ಕೇ ಕತ್ತರಿಸಿಹೋಗಿದ್ದವು. ನಿನ್ನೆ ಅವನ್ನು ಯಂತ್ರಕ್ಕೆಂದು ತಿದ್ದಿ ಮತ್ತೆ ಉಳಿಸುವಾಗ ಸಡಿಲ ವೈರು ಕೈಕೊಟ್ಟಿರಬೇಕು. ಅವು ಇನ್ನು ಬರುವುದಿಲ್ಲ ಎಂದು ಡಾಕ್ಟರು ನೇರವಾಗಿ ಹೇಳಿದರು. ಮೇಷ್ಟ್ರು ತಲೆಯಾಡಿಸಿದರು. ಉಳಿದವನ್ನೆಲ್ಲ ಯಂತ್ರಕ್ಕೆ ತುಂಬಿ ಅವರ ಕೈಗೆ ಕೊಟ್ಟರು.

ಅವರು ಪಟ್ಟಿಯಲ್ಲಿ ಹುಡುಕಿ ಒಂದು ಗುಂಡಿ ಒತ್ತಿದರು.

"ಲೇ ಗಡಿಯಾರ, ಹೊರಡೋಣ್ವಾ?" ಎಂದಿತು ತುಂಬು ದನಿ.

ಹೆಂಡತಿ ಬಾಯಿಗೆ ಕೈ ಅಡ್ಡ ಹಿಡಿದರು. "ಹೊರಗಿನವರ ಮುಂದೆ ಹಾಗೆ ಕರೀಬೇಡಿ ಅಂತ ಎಷ್ಟು ಸಲ ಹೇಳಿಲ್ಲ ನಿಮಗೆ!" ಅನ್ನುವಷ್ಟರಲ್ಲಿ ಕಣ್ಣು ತುಂಬಿ ಬಂತು. ಎದ್ದು ಚೀಲ ಹೆಗಲಿಗೆ ಹಾಕಿಕೊಂಡು ಬಾಗಿಲವರೆಗೆ ಹೋದರು, ತಿರುಗಿ ನಿಂತರು.

"ಎಲ್ಲಿ, ಇನ್ನೊಂದ್ಸಲ ಒತ್ತಿ."