ಅಜ್ಜಿಯರ ಕಡಲಿಗೆ ಬಂದ ಕೊಂಬಿನ ಚಿಪ್ಪು

ಅತ್ತೆ ಗಪ್‌ಸುನ್ ಮನೆಯಲ್ಲಿ ಕೂತಳೆಂದರೆ ದೋಕ್ಸಿಲ್‌ಗೆ ಅಡುಗೆಮನೆಯಲ್ಲಿ ಕಾಲಿಡಲು ಜಾಗವಿರುತ್ತಿರಲಿಲ್ಲ. ಮೂಲಂಗಿ ಸಾರಿಗೆ ಉಪ್ಪು ಸಾಲದು, ಕಿಮ್ಚಿ ಉಪ್ಪಿನಕಾಯಿ ಜಾಡಿಯ ಮುಚ್ಚಳ ಸರಿಯಾಗಿ ಕೂತಿಲ್ಲ, ಅಕ್ಕಿ ತೊಳೆದ ನೀರನ್ನು ಚೆಲ್ಲಿದ್ದು ಯಾರು. ಕಳೆದ ಚಳಿಗಾಲ ಮುದುಕಿ ಮಂಡಿನೋವೆಂದು ಮನೆ ಹಿಡಿದಾಗ ಸೊಸೆ ಉಪ್ಪಿನ ಡಬ್ಬಿಯನ್ನು ಹಾಸಿಗೆಯ ಸಂದಿಯಲ್ಲಿ ಬಚ್ಚಿಡಬೇಕಾಗಿ ಬಂದಿತ್ತು.

ಕಡಲಿಗಿಳಿದರೆ ಮಾತ್ರ ಮುದುಕಿ ಮೃದು. ಜೇಜು ದ್ವೀಪದ ಆ ಊರಿನ ಹೆಂಗಸರೆಲ್ಲ ನೀರಿನ ಮೇಲೆ ತೇಲುಬುರುಡೆ ಬಿಟ್ಟು, ಅದರ ಕೆಳಗೆ ಬಲೆ ಕಟ್ಟಿ, ಉಸಿರು ಬಿಗಿಹಿಡಿದು ಮುಳುಗಿ ಚಿಪ್ಪು ತರುವವರು. ಗಟ್ಟಿಮುಟ್ಟಾದವರು ಹೊರಬಂಡೆಯ ಸೆಳವಿಗೆ ಹೋಗುತ್ತಿದ್ದರು; ದಡದ ಪಕ್ಕದ ತಿಳಿಕೊಲ್ಲಿ ವಯಸ್ಸಾದವರಿಗೆ ಮೀಸಲು. ಅದಕ್ಕೆ ಅಜ್ಜಿಯರ ಕಡಲೆಂದೇ ಹೆಸರು. ಹೆಚ್ಚು ಸಿಕ್ಕವರು ಹಿಂದಿರುಗುವಾಗ ಅಜ್ಜಿಯರ ಬಲೆಗೆ ನಾಲ್ಕು ಚಿಪ್ಪು ಎಸೆದು ಹೋಗುವುದು ಪದ್ಧತಿ. ಗಪ್‌ಸುನ್ ತನ್ನ ಕಾಲದಲ್ಲಿ ಕೈತುಂಬ ಎಸೆದವಳೇ. ಈಗ ಯಾರಾದರೂ ತನ್ನ ಬಲೆಯತ್ತ ಕೈ ಚಾಚಿದರೆ ಮಾತ್ರ ಮುಖ ತಿರುಗಿಸುತ್ತಿದ್ದಳು. ಈ ವಸಂತದಲ್ಲಿ ದಡದ ಬೆಂಕಿಯ ಸುತ್ತ ಎಲ್ಲರೂ ಮೈ ಕಾಯಿಸಿಕೊಳ್ಳುತ್ತಿದ್ದಾಗ ಸಾರಿಯೇ ಬಿಟ್ಟಳು: "ಬಲೆ ಬರಿದಾಗಿ ಮೇಲೆ ಬಂದ ದಿನವೇ ನನ್ನ ತೇಲುಬುರುಡೆ ಗೋಡೆಗೆ ನೇತಾಕ್ತೀನಿ. ಆಮೇಲೆ ಮನೇಲೇ ಇರ್ತೀನಿ."

ದೋಕ್ಸಿಲ್‌ಗೆ ಉಪ್ಪಿನ ಡಬ್ಬಿಯ ನೆನಪಾಯಿತು.

ಮಾರನೆಯ ದಿನದಿಂದ ಅವಳು ಹೊರಬಂಡೆಯಿಂದ ಮರಳುವಾಗ ಕೊಲ್ಲಿಯ ಮೇಲೆ ಹಾದು, ಅತ್ತೆ ಮುಳುಗಿದ್ದ ಹೊತ್ತು ನೋಡಿ, ತೇಲುಬುರುಡೆಯ ಕೆಳಗೆ ತೂಗುತ್ತಿದ್ದ ಬಲೆಗೆ ಒಂದಿಷ್ಟು ಸುರುಳಿಚಿಪ್ಪು ಇಳಿಬಿಡತೊಡಗಿದಳು. ಮುದುಕಿ ಸಂಜೆ ಸೊಂಟ ನೆಟ್ಟಗೆ ಮಾಡಿಕೊಂಡು ನಡೆದು ಬರುತ್ತಿದ್ದಳು. ಉಪ್ಪಿನ ಡಬ್ಬಿ ತನ್ನ ಜಾಗಕ್ಕೆ ಮರಳಿತು.

ಮಗಳು ಬೋರಾಮ್‌ಗೆ ಆ ವಾರ ನೀತಿಶಾಸ್ತ್ರದ ಪರೀಕ್ಷೆ. ಬೆಳ್ಳುಳ್ಳಿ ಸುಲಿಯುತ್ತ ದೋಕ್ಸಿಲ್ ಗುಟ್ಟನ್ನು ಅವಳ ಕಿವಿಗೆ ಹಾಕಿದಳು, ತುಸು ಹೆಮ್ಮೆಯಿಂದಲೇ. ಹುಡುಗಿ ಪುಸ್ತಕದಿಂದ ತಲೆಯೆತ್ತಿದಳು.

"ಅಮ್ಮಾ, ನಿಂಗೆ ಅಡುಗೆಮನೆ ಬೇಕು, ಅದಕ್ಕೆ ಅಜ್ಜಿನ ಕಡಲಿಗೆ ಅಟ್ತಿದೀಯ. ಇದನ್ನ ಒಳ್ಳೇತನ ಅಂತ ಬರೆದ್ರೆ ನಮ್ಮ ಮೇಷ್ಟ್ರು ಅಂಕ ಕೊಡಲ್ಲ."

ಅಮ್ಮ ನಕ್ಕಳು, ಆದರೆ ಮಾತು ಮೀನಿನ ಮುಳ್ಳಿನಂತೆ ಗಂಟಲಲ್ಲಿ ಉಳಿಯಿತು. ಪಾತ್ರೆ ತೊಳೆಯುವಾಗಲೂ ಅದೇ, ಬಟ್ಟೆ ಮಡಿಸುವಾಗಲೂ ಅದೇ. ಹೌದಲ್ಲ, ತನ್ನ ಸುಖಕ್ಕೇ ತಾನೇ? ಹಾಗಾದರೆ ನಾಳೆ ಹಾಕುವುದು ಬೇಡ ಎಂದುಕೊಂಡಳು.

ಮರುದಿನ ಕೊಲ್ಲಿ ದಾಟುವಾಗ ಅತ್ತೆಯ ಬಲೆ ಒದ್ದೆ ಕಾಲುಚೀಲದಂತೆ ಜೋತು ಬಿದ್ದಿತ್ತು. ಮುದುಕಿ ಮೇಲೆ ಬಂದು, ಮುಳುಗುವವರೆಲ್ಲರಂತೆ ಸಿಳ್ಳೆ ಹಾಕಿ ಉಸಿರು ಬಿಟ್ಟಳು. ಆ ಸಿಳ್ಳೆ ಮೊದಲಿನಂತಿರಲಿಲ್ಲ, ಮುರುಕು ಕಿಟಕಿಯಲ್ಲಿ ಗಾಳಿ ನುಸುಳಿದ ಹಾಗಿತ್ತು. ಆದರೂ ಮತ್ತೆ ಮುಳುಗಿದಳು. ಅಡುಗೆಮನೆಗಾಗಿಯೋ ಅತ್ತೆಗಾಗಿಯೋ ಎಂದು ದೋಕ್ಸಿಲ್ ಯೋಚಿಸುವಷ್ಟರಲ್ಲಿ ಕೈ ತನ್ನ ಕೆಲಸ ಮುಗಿಸಿತ್ತು. ಅವಸರದಲ್ಲಿ ತನ್ನ ಬಲೆಯ ಅತಿ ದೊಡ್ಡ ಚಿಪ್ಪುಗಳೇ ಅತ್ತೆಯ ಬಲೆಗೆ ಹೋಗಿದ್ದವು.

ಬೆಂಕಿಯ ಹತ್ತಿರ ಗಪ್‌ಸುನ್ ಬಲೆಯನ್ನು ಎಲ್ಲರ ನಡುವೆ ಸುರಿದಳು. ಮುಷ್ಟಿಗಾತ್ರದ ಚಿಪ್ಪುಗಳು, ಮೈತುಂಬ ಉದ್ದುದ್ದ ಕೊಂಬು. ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ತಿಳಿಕೊಲ್ಲಿಯ ಚಿಪ್ಪು ಬೋಳುತಲೆಯಂತೆ ನುಣುಪು. ಕೊಂಬು ಬೆಳೆಯುವುದು ಹೊರಬಂಡೆಯ ಸೆಳವಿನಲ್ಲಿ ಮಾತ್ರ. ಹುಟ್ಟಿದಾಗಿನಿಂದ ಕಂಡ ಸಂಗತಿ ದೋಕ್ಸಿಲ್‌ಗೆ ಇಷ್ಟು ದಿನ ಹೊಳೆದೇ ಇರಲಿಲ್ಲ.

"ಪಾಪ, ಎಷ್ಟು ದೂರದಿಂದ ನಡ್ಕೊಂಡು ಬಂದಿವೆ ನೋಡ್ರೇ," ಎಂದಳು ಮುದುಕಿ. "ದಿನಾ ಬರ್ತವೆ."

ನಗು ಎದ್ದಿತು. ದೋಕ್ಸಿಲ್‌ಳ ಕಿವಿ ಕೆಂಪಾಯಿತು. ಬಚ್ಚಿಡಲು ಇನ್ನೇನೂ ಉಳಿಯಲಿಲ್ಲವಾದ್ದರಿಂದ ಉಪ್ಪಿನ ಡಬ್ಬಿಯಿಂದ ಹಿಡಿದು ಎಲ್ಲವನ್ನೂ ಒಪ್ಪಿಕೊಂಡಳು. ಇನ್ನು ಮುದುಕಿ ಬುರುಡೆ ನೇತುಹಾಕುವುದೇ ಸರಿ ಎಂದು ಎಲ್ಲರೂ ಕಾದರು.

ಗಪ್‌ಸುನ್ ಬೆಂಕಿಗೆ ಕೈ ಒಡ್ಡಿ ಅಂಗೈ ತಿರುಗಿಸಿ ತಿರುಗಿಸಿ ಕಾಯಿಸಿಕೊಂಡಳು.

"ನಿನ್ನ ಸಪ್ಪೆ ಸಾರಿನ ಪಕ್ಕ ದಿನವೆಲ್ಲ ಕೂರೋಕೆ ನಂಗೂ ಆಸೆ ಇಲ್ಲ ಕಣೇ," ಎಂದಳು ಕೊನೆಗೆ. "ಅಷ್ಟು ವರ್ಷ ಬೇರೆಯವರ ಬಲೆಗೆ ಎಸೆದಿದ್ದೂ ನಾಳೆ ನಂಗೂ ಯಾರಾದ್ರೂ ಎಸೀಲಿ ಅಂತಾನೇ. ಬಂದಾಗ ಇಸ್ಕೊಳ್ಳೋಕೆ ನಾಚಿಕೆ ಆಗೋಯ್ತು, ಅಷ್ಟೇ. ಇನ್ಮೇಲೆ ಎದುರಿಗೇ ಹಾಕು. ಸಣ್ಣದು ಹಾಕ್ಬೇಡ."

ಹಾಗೆಂದು ಕೊಂಬಿನ ಚಿಪ್ಪುಗಳಲ್ಲಿ ದಪ್ಪನೆಯದನ್ನು ಆರಿಸಿ, ಪಕ್ಕದಲ್ಲಿ ತೂಕಡಿಸುತ್ತಿದ್ದ ಮಲ್ಜಾಳ ಬಲೆಗೆ ಹಾಕಿದಳು. ಮಲ್ಜಾ ಊರಿಗೆಲ್ಲ ಹಿರಿಯಳು, ಹಲ್ಲಿಲ್ಲದವಳು.

ಇದಕ್ಕೆ ಬೋರಾಮ್ ಏನನ್ನುತ್ತಾಳೋ ಎಂದು ದೋಕ್ಸಿಲ್‌ಗೆ ಕುತೂಹಲವಾಯಿತು. ಅದು ಯಾಕೆ ಹಾಕಿದ್ದು ಎಂದು ಅತ್ತೆಯನ್ನೇ ಕೇಳಿದಳು.

"ಅವಳು ಕಡಲು ಬಿಟ್ರೆ ಇಲ್ಲಿ ಎಲ್ಲರಿಗಿಂತ ಮುದುಕಿ ನಾನೇ ಆಗ್ತೀನಲ್ಲ," ಎಂದಳು ಗಪ್‌ಸುನ್. ಮತ್ತೆ ಬಗ್ಗಿ ಇನ್ನೊಂದನ್ನೂ ಆ ಬಲೆಗೆ ಹಾಕಿದಳು.