ಸರಪಳಿಯ ಬಾಯಿ

ಕಾಲರಿನೊಳಗೆ ಸಿಕ್ಕಿಕೊಂಡಿದ್ದ ಹುಲ್ಲಿನ ಎಳೆಗಳನ್ನೆಲ್ಲ ಕಿತ್ತು ತೆಗೆದು ನೀಲಾಂಬಿಕಾ ಗಂಡನ ಖಾಕಿ ಅಂಗಿಗೆ ಸಬಕಾರ ಹಚ್ಚುತ್ತಿದ್ದಳು. ಎಳೆ ಉಳಿದರೆ ತೊಟ್ಟಾಗ ಚುಚ್ಚುತ್ತದೆಂದು ಅವನು ದಿನವಿಡೀ ಗೊಣಗುತ್ತಾನೆ. ಕ್ವಾರ್ಟರ್ಸಿನ ನಲ್ಲಿಯಲ್ಲಿ ನೀರು ದಾರದಷ್ಟು ಸಣ್ಣಗೆ ಬರುತ್ತಿತ್ತು. ಸಾವನೇರ್ ರಸ್ತೆಯ ಆಚೆ, ಸರಕಾರಿ ಹುಲ್ಲುಗಾವಲಿನಲ್ಲಿ, ಅವನು ಓಡಿಸುವ ಲಾರಿ ಆಗಲೇ ಗುರುಗುಟ್ಟತೊಡಗಿತ್ತು.

"ವೈನಿ, ಇವತ್ತು ಬಾಯಿಗೆ ರಜಾ ಕೊಟ್ಟೀರೇನು?" ಎಂದು ಗಂಗೂಬಾಯಿ ಬೇಲಿಯಾಚೆ ನಿಂತು ನಕ್ಕಳು. ಅವಳು ಸೊಲ್ಲಾಪುರದ ಕಡೆಯವಳು. ಅರ್ಧ ಕನ್ನಡ, ಅರ್ಧ ಮರಾಠಿ. ಕೆಲಸಕ್ಕೆ ಹೊರಟಿದ್ದಳು, ಕಚ್ಚೆ ಬಿಗಿದು ತಲೆಗೆ ಬಟ್ಟೆ ಸುತ್ತಿಕೊಂಡಿದ್ದಳು.

"ಯಾಕ, ನನ್ನ ಬಾಯಿ ನಿನಗೇನ ಮಾಡೇತಿ?"

"ನಿನ್ನೆ ಬಜಾರದಾಗ ನೋಡಿದೆ. ಕಾಯಿಪಲ್ಲೆಯವ ಒಂದು ಮಾತು ಅಂದ್ರ ನೀವು ಅದನ್ನ ತಿರುಗಿ ನಿಮ್ಮ ಮನಿಯವರ, ದಾದಾನ ಮುಂದ ಅಂತೀರಿ. ಅಂವಗೇನು ಕಿವಿ ಇಲ್ಲೇನು? ಪಾಪ, ದಾದಾ ಭೋಳೇ ಮನಷಾ, ಸುಮ್ಮನ ಕೇಳ್ಕೊತಾನ." ಗಂಗೂಬಾಯಿ ಮತ್ತೆ ನಕ್ಕು, "ಜಲ್ದಿ ಊಟಾ ತರ್ರಿ. ಆಮ್ಯಾಲೆ ಬಿಸಲಾಗ ಬೈಸ್ಕೋತೀರಿ" ಎಂದು ಹೋದಳು.

ನೀಲಾಂಬಿಕಾ ಅಂಗಿಯನ್ನು ಕಲ್ಲಿಗೆ ಬಡಿಯಲಿಲ್ಲ, ಕೈಯಲ್ಲೇ ಹಿಂಡಿದಳು. ಗದಗಿನ ತವರುಮನೆಯಲ್ಲಿ ಅವಳಿಗೆ ಮೂಕಿ ಎಂದು ಹೆಸರಿತ್ತು. ಈ ಊರಿನಲ್ಲಿ ಬಾಯಿಬಡಕಿ ಎಂಬ ಹೆಸರು ಬಂದು ಒಂದು ವರ್ಷವಾಗಿತ್ತು. ಗಂಡ ಶಂಕರಪ್ಪನ ಎಡಗಿವಿ ಯುದ್ಧದ ಕಾಲದಲ್ಲಿ, ಫಿರಂಗಿಗಳ ಹಿಂದೆ ಲಾರಿ ಓಡಿಸುವಾಗಲೇ ಹೋಗಿತ್ತು. ಬಲಗಿವಿಯೂ ಹೋದ ವರ್ಷದ ಮಳೆಗಾಲದಲ್ಲಿ, ಮಲೇರಿಯಾ ಬಂದು ಕ್ವಿನೈನ್ ನುಂಗಿದ ಮೇಲೆ, ದಿನಕ್ಕಿಷ್ಟರಂತೆ ಮುಚ್ಚಿಕೊಂಡಿತು. ಎದುರಿಗೆ ನಿಂತು ಆಡಿದ ಮಾತನ್ನು ಅವನು ತುಟಿ ನೋಡಿ ಹಿಡಿಯುತ್ತಿದ್ದ. ಮಿಕ್ಕಿದ್ದನ್ನು ಅವಳು ಎದುರಿಗೆ ಬಂದು, ಜಗಳವಾಡುವವಳಂತೆ, ಮತ್ತೊಮ್ಮೆ ಹೇಳುತ್ತಿದ್ದಳು. ಈ ಸಂಗತಿ ಅವರಿಬ್ಬರಿಗಲ್ಲದೆ ಯಾರಿಗೂ ಗೊತ್ತಿರಲಿಲ್ಲ.

ಈ ಊರಿನ ರಾಜಧಾನಿ ಪಟ್ಟ ಮುಂಬೈಗೆ ಹೋಗುತ್ತದೆಂದು ಊರೆಲ್ಲ ಮಾತಾಡುತ್ತಿದ್ದ ಆ ಚಳಿಗಾಲದ ಮೊದಲಲ್ಲಿ ಹುಲ್ಲುಗಾವಲಿನ ಫಾರ್ಮಿಗೆ ಹೊಸ ಸಾಹೇಬ ಬಂದ. ಅವನ ಹಿಂದೆಯೇ ಹೊಸ ಯಂತ್ರವೂ ಬಂತು. ಯಂತ್ರ ನಡೆಸುವವರ ಕಣ್ಣು, ಕಿವಿ ಎರಡನ್ನೂ ಸೋಮವಾರ ಸದರ್ ಬಡಾವಣೆಯ ಆಸ್ಪತ್ರೆಯಲ್ಲಿ ನೋಡಬೇಕೆಂದು ಹುಕುಂ ಆಗಿತ್ತು. ಇವತ್ತು ಬೆಳಿಗ್ಗೆ ಚಹಾ ಕುಡಿಯುತ್ತ ಶಂಕರಪ್ಪ ಅದನ್ನೇ ಎತ್ತಿದ್ದ.

"ಕಂಪೌಂಡರ್ ಉಮಾಪತಿ ನಮ್ಮವನ. ಅವನ ಹೇಣ್ತಿ ಕಲಾವತಿ ನಿನ್ನ ಗೆಳತಿ. ಡಾಕ್ಟರ್ ನನ್ನ ಬೆನ್ನ ಹಿಂದ ನಿಂತು ನಂಬರ್ ಅಂತಾನಂತ, ನಾ ತಿರುಗಿ ಹೇಳಬೇಕಂತ. ಉಮಾಪತಿ ನನ್ನ ಎದುರಿಗಿ ನಿಂತು ಬರೇ ತುಟಿ ಅಲ್ಲಾಡಿಸಿದ್ರ ಸಾಕು, ನಾ ಹಿಡೀತೀನಿ. ನೀ ಇವತ್ತು ಸದರ್‌ಗೆ ಹೋಗಿ ಆಕಿಗೆ ಹೇಳಿ ಬಾ."

"ಅಂವಾ ಒಪ್ಪದಿದ್ರ?"

"ಒಪ್ಪದಿದ್ರ ನನ್ನ ಗೇಟಿನ್ಯಾಗ ಸ್ಟೂಲ್ ಹಾಕಿ ಕುಂಡ್ರಸ್ತಾರ. ಹೋಗೋ ಬರೋ ಗಾಡಿಗೆ ಸಲಾಮು ಹೊಡಕೋತ." ಬಶಿಯನ್ನು ಕೆಳಗಿಟ್ಟು ಅವನು ತನ್ನ ಕೈಗಳನ್ನು ನೋಡಿಕೊಂಡ. "ಸ್ಟೇರಿಂಗ್ ಬಿಟ್ರ ಈ ಕೈಗೆ ಮತ್ತೇನ ಬರತೈತಿ ನೀಲಾ?"

ಅವಳು ಹೋಗುತ್ತೇನೆಂದು ತಲೆಯಾಡಿಸಿದ್ದಳು.

ಊಟದ ಬುತ್ತಿ ಹೊತ್ತು ಅವಳು ಹುಲ್ಲುಗಾವಲಿನ ಒಡ್ಡು ಹತ್ತಿದಾಗ ಬಿಸಿಲು ಬಿಳಿಚಿತ್ತು. ಯಂತ್ರದಲ್ಲಿ ಒತ್ತಿ ತಂತಿ ಬಿಗಿದ ಹುಲ್ಲಿನ ಪೆಂಡಿಗಳು ನೆಲದ ಮೇಲೆ ಉದ್ದಕ್ಕೂ ಬಿದ್ದಿದ್ದವು. ಹಿಂದೆಲ್ಲ ಅವನ್ನು ಹೆಂಗಸರು ತಲೆಯ ಮೇಲೆ ಹೊತ್ತು ಲಾರಿಗೆ ತುಂಬುತ್ತಿದ್ದರು. ಈಗ ಲಾರಿಯ ಎಡಮಗ್ಗುಲಿಗೆ ಏಣಿಯಂಥ ಕಬ್ಬಿಣದ ಇಳಿಜಾರೊಂದನ್ನು ಕಟ್ಟಿದ್ದರು. ಲಾರಿ ಮುಂದೆ ಸಾಗಿದಂತೆ ಯಂತ್ರದ ಗಾಲಿ ನೆಲದ ಮೇಲೆ ಉರುಳುತ್ತಿತ್ತು. ಗಾಲಿ ಉರುಳಿದರೆ ಹಲ್ಲುಗಳ ಸರಪಳಿ ತಿರುಗಿ, ಬಾಯಿಗೆ ಸಿಕ್ಕ ಪೆಂಡಿಯನ್ನು ಕಚ್ಚಿ ಮೇಲಕ್ಕೆಳೆದು ಲಾರಿಯೊಳಗೆ ಕೆಡವುತ್ತಿತ್ತು. ಅದಕ್ಕೆ ಬೇರೆ ಬ್ರೇಕಿರಲಿಲ್ಲ. ಲಾರಿ ನಿಂತರೆ ಮಾತ್ರ ಸರಪಳಿ ನಿಲ್ಲುತ್ತಿತ್ತು.

ಅಡ್ಡ ಬಿದ್ದ ಪೆಂಡಿ ಬಾಯಿಯಲ್ಲಿ ಸಿಕ್ಕಿಕೊಳ್ಳುತ್ತದೆಂದು ಇಬ್ಬರು ಹೆಂಗಸರು ಯಂತ್ರದ ಮುಂದೆ ಮುಂದೆ ನಡೆದು ಪೆಂಡಿಗಳನ್ನು ನೇರ ಮಾಡಬೇಕು. ಏನಾದರೂ ಎಡವಟ್ಟಾದರೆ 'ಹೋ' ಎಂದು ಕೂಗಬೇಕು. ಕೂಗು ಕೇಳದ ಶಂಕರಪ್ಪ ಇನ್ನೊಂದು ಪದ್ಧತಿ ಹಚ್ಚಿದ್ದ. ಲಾರಿಯ ಮೇಲೆ ಪೆಂಡಿ ಜೋಡಿಸುವ ಗೋವಿಂದ ಕ್ಯಾಬಿನ್ನಿನ ತಗಡಿಗೆ ಗುದ್ದಬೇಕು, ಆಗ ಗಾಡಿ ನಿಲ್ಲುತ್ತದೆ. 'ದಾದಾನ ಕಾಯ್ದೆ' ಎಂದು ಎಲ್ಲರೂ ಅದನ್ನು ಪಾಲಿಸುತ್ತಿದ್ದರು. ಗುದ್ದು ಅವನಿಗೆ ಬೆನ್ನಿನಲ್ಲಿ ತಿಳಿಯುತ್ತದೆಂದು ಯಾರಿಗೂ ತೋಚಿರಲಿಲ್ಲ.

ಲಾರಿ ತುಂಬುತ್ತ ಬಂದಿತ್ತು. ಗೋವಿಂದ ಹಿಂತುದಿಯಲ್ಲಿ, ಆಳೆತ್ತರದ ಹುಲ್ಲಿನ ಆಚೆಗಿದ್ದ. ಆಗಲೇ ಅವಳಿಗೆ ಕೂಗು ಕೇಳಿಸಿತು.

"ಹೋ! ದಾದಾ, ಹೋ!"

ಗಂಗೂಬಾಯಿ ಬಾಗಿದ್ದಳು. ಅವಳ ಕೈ ಪೆಂಡಿಯ ತಂತಿಯ ಕೆಳಗೆ ಸಿಕ್ಕಿತ್ತು. ಸರಪಳಿ ಪೆಂಡಿಯನ್ನು ಕಚ್ಚಿಯಾಗಿತ್ತು. ಅವಳು ಅದರ ಜೊತೆಗೆ ಒಂದು ಹೆಜ್ಜೆ, ಇನ್ನೊಂದು ಹೆಜ್ಜೆ ಓಡಿದಳು. ಆಮೇಲೆ ಕಾಲುಗಳು ನೆಲ ಬಿಟ್ಟವು. ಜೊತೆಯ ಹೆಂಗಸೂ ಕಿರುಚಿದಳು. ಒಡ್ಡಿನ ಮೇಲೆ, ಅಷ್ಟು ದೂರದಲ್ಲಿ, ನೀಲಾಂಬಿಕಾಳಿಗೆ ಆ ಎರಡು ದನಿಗಳೂ ಬೇರೆಬೇರೆಯಾಗಿ ಕೇಳಿದವು. ಕ್ಯಾಬಿನ್ನಿನ ಕಿಟಕಿಯಲ್ಲಿ ಗಂಡನ ಮೊಣಕೈ ಕಾಣುತ್ತಿತ್ತು. ಅದು ಅಲ್ಲಾಡಲಿಲ್ಲ. ಲಾರಿ ಅದೇ ನಿಧಾನದಲ್ಲಿ, ಅದೇ ನೇರದಲ್ಲಿ ಸಾಗುತ್ತಲೇ ಇತ್ತು.

ಗೋವಿಂದ ಪೆಂಡಿಗಳ ಮೇಲೆ ಎದ್ದೂ ಬಿದ್ದೂ ಮುಂದಕ್ಕೆ ಬಂದು ತಗಡಿಗೆ ಗುದ್ದುವ ಮೊದಲೇ ತಂತಿ ಪಟ್ಟೆಂದು ಹರಿಯಿತು. ಗಂಗೂಬಾಯಿ ಹುಲ್ಲಿನ ಕೊಯ್ದ ಬುಡಗಳ ಮೇಲೆ ಬಿದ್ದಳು. ಆಮೇಲೆ ಲಾರಿ ನಿಂತಿತು.

ನೀಲಾಂಬಿಕಾ ಓಡಿ ಬಂದಳು. ಮಣಿಕಟ್ಟಿನಿಂದ ಅಂಗೈವರೆಗೆ ಚರ್ಮ ಸುಲಿದಿತ್ತು. ಹಸಿರು ಬಳೆಯ ಚೂರುಗಳು ಮಾಂಸದಲ್ಲಿ ನಟ್ಟಿದ್ದವು. ಬೆರಳುಗಳು ಅಲ್ಲಾಡುತ್ತಿದ್ದವು.

"ಅಯ್ಯ, ಬಳಿ ಎಲ್ಲಾ ಒಡದ್ವಲ್ಲೇ" ಎಂದಳು ನೀಲಾಂಬಿಕಾ, ಬೇರೇನೂ ಬಾಯಿಗೆ ಬರದೆ.

"ಒಡದ್ವು ಅನಬ್ಯಾಡ್ರಿ ವೈನಿ, ವಾಢಲ್ಯಾ ಅನ್ರಿ, ಹೆಚ್ಚಿದ್ವು ಅಂತ. ಗಂಡ ಇದ್ದಾಕಿ ನಾ." ಗಂಗೂಬಾಯಿಯ ತುಟಿ ಬೆಳ್ಳಗಾಗಿತ್ತು; ಆದರೂ ನಗಲು ನೋಡಿದಳು.

ಶಂಕರಪ್ಪ ಇಳಿದು ಬಂದ. ಏನಾಗಿದೆಯೆಂದು ಅವನ ಕಣ್ಣು ಒಬ್ಬೊಬ್ಬರ ಮುಖದ ಮೇಲೂ ಹರಿದಾಡಿತು. "ಕೂಗಬೇಕೋ ಬ್ಯಾಡೋ?" ಎಂದು ಗದರಿದ. ದನಿ ಬೇಕಾದುದಕ್ಕಿಂತ ದೊಡ್ಡದಾಗಿತ್ತು.

ಗಂಗೂಬಾಯಿ ಕೈಯನ್ನು ಸೆರಗಿನಲ್ಲಿ ಸುತ್ತಿಕೊಳ್ಳುತ್ತ, ತಲೆ ತಗ್ಗಿಸಿಯೇ ಹೇಳಿದಳು: "ಕೂಗಿದೆ ದಾದಾ. ಸತ್ತ ನಮ್ಮಪ್ಪಗೂ ಕೇಳೂಹಂಗ ಕೂಗಿದೆ."

ಅವನು ಹೆಂಡತಿಯ ಕಡೆ ತಿರುಗಿದ. ನೀಲಾಂಬಿಕಾಳ ಬಾಯಿ ತಾನಾಗಿಯೇ ತೆರೆಯಿತು: "ಕೂಗಿದ್ಳಂತ್ರಿ."

ಹೇಳಿದ ಮೇಲೆ ಅವಳಿಗೆ ತನ್ನ ಮಾತೇ ಕೇಳಿಸಿತು. ಬಜಾರದಲ್ಲಿ ಹೀಗೆ ಹೇಳುತ್ತಾಳೆ, ಬಾಗಿಲಿಗೆ ಬಂದವರ ಮುಂದೆ ಹೀಗೆ ಹೇಳುತ್ತಾಳೆ. ಇಲ್ಲಿ ಆ ಮಾತು ತಲುಪುವಷ್ಟರಲ್ಲಿ ಆಗುವುದೆಲ್ಲ ಆಗಿಹೋಗಿರುತ್ತದೆ.

"ಇಂಜಿನ್ ಸಪ್ಪಳದಾಗ ಯಾರಿಗೆ ಕೇಳತೈತಿ ಬಿಡ್ರಿ" ಎಂದು ಗಂಗೂಬಾಯಿಯೇ ಅವನ ಪರವಾಗಿ ಅಂದಳು. "ದಾದಾಂದೇನೂ ತಪ್ಪಿಲ್ಲ. ನಾನ ತಂತ್ಯಾಗ ಕೈ ಹಾಕಿದೆ. ನಾಳಿ ಬಟ್ಟಿ ಕಟ್ಕೊಂಡು ಬರ್ತೀನಿ."

ಶಂಕರಪ್ಪ ಮರದ ಕೆಳಗೆ ಕೂತು ಅವಳು ನೀಡಿದ್ದನ್ನು ಉಂಡ. ಅರ್ಧ ಉಂಡವನು ಕೈ ತೊಳೆದುಬಿಟ್ಟ. "ನೀ ಸದರ್‌ಗೆ ಹೋಗೋದು ಬಿಡಬ್ಯಾಡ. ಇಂಥಾದ್ದು ಸಾಹೇಬನ ತನಕ ಹೋದ್ರ, ಸೋಮವಾರ ನನ್ನ ಮ್ಯಾಲೆ ಎಲ್ಲಾರ ಕಣ್ಣು ಇರತೈತಿ" ಎಂದ. ಅವನ ಕೈಯನ್ನು ಹಿಡಿದುಕೊಳ್ಳಬೇಕೆನಿಸಿತು ಅವಳಿಗೆ. ಬುತ್ತಿಯ ಬಟ್ಟೆ ಕಟ್ಟಿಕೊಂಡು ಎದ್ದಳು.

ಸಾವನೇರ್ ಕಡೆಯಿಂದ ಬಂದ ಬಸ್ಸಿನಲ್ಲಿ ಸದರ್ ತಲುಪುವವರೆಗೂ ಅವಳು ಆಡಬೇಕಾದ ಮಾತನ್ನು ಒಳಗೇ ಜೋಡಿಸಿಕೊಂಡಳು. ಚರ್ಚಿನ ಹಿಂದಿನ ಓಣಿಯಲ್ಲಿ ಕಲಾವತಿಯ ಮನೆ. ಕಲಾವತಿ ಅಂಗಳದಲ್ಲಿ ಮೆಣಸಿನಕಾಯಿಯ ತೊಟ್ಟು ಮುರಿಯುತ್ತಿದ್ದಳು.

"ಬರ್ರಿ ಬರ್ರಿ. ಏನು, ಬಿಸಲಾಗ ಬಂದೀರಿ? ಕೆಲಸಿತ್ತೇನು?"

"ಸುಮ್ಮನ ಬಂದೆ ಅಕ್ಕಾರ." ನೀಲಾಂಬಿಕಾ ಕೂತು ತಾನೂ ತೊಟ್ಟು ಮುರಿಯತೊಡಗಿದಳು.

ಚಹಾದ ಹೊತ್ತಿಗೆ ಉಮಾಪತಿಯೂ ಆಸ್ಪತ್ರೆಯಿಂದ ಬಂದ. ಸೈಕಲ್ಲನ್ನು ಗೋಡೆಗೆ ಒರಗಿಸುತ್ತ, "ಶಂಕರಪ್ಪ ಸೋಮವಾರ ಬರ್ತಾನಲ್ಲ ವೈನಿ? ಅಂಜಬ್ಯಾಡ ಅಂತ ಹೇಳ್ರಿ. ಡಾಕ್ಟರ್ ಹಿಂದ ನಿಂತು ಸಣ್ಣಗ ನಂಬರ್ ಅಂತಾರ, ಅದನ್ನ ತಿರುಗಿ ಹೇಳಿದ್ರಾತು. ನಾನೂ ಅಲ್ಲೇ ಇರ್ತೀನಿ" ಎಂದ. "ಏನರ ಹೇಳೋದಿದ್ರ ಹೇಳ್ರಿ, ಸಂಕೋಚ ಬ್ಯಾಡ. ಊರವರಿಗೆ ಊರವರು ಆಗಲಿಲ್ಲಂದ್ರ ಹೆಂಗ?"

ಮಾತು ಅವಳ ನಾಲಿಗೆಯ ತುದಿಗೆ ಬಂದಿತ್ತು. ಬಸ್ಸಿನಲ್ಲಿ ಜೋಡಿಸಿಕೊಂಡಿದ್ದ ಅದೇ ಮಾತು. ಮೆಣಸಿನ ಖಾರ ಉಗುರಿನ ಸಂದಿಗೆ ಹೋಗಿ ಬೆರಳು ಉರಿಯುತ್ತಿತ್ತು. ನಾಳೆ ಬೆಳಿಗ್ಗೆ ಗಂಗೂಬಾಯಿ ಬಟ್ಟೆ ಕಟ್ಟಿದ ಕೈಯಲ್ಲೇ ಯಂತ್ರದ ಮುಂದೆ ಬಾಗುತ್ತಾಳೆ. ಶಂಕರಪ್ಪ ಪರೀಕ್ಷೆಯಲ್ಲಿ ಪಾಸಾದರೆ ಸೋಮವಾರದ ನಂತರವೂ ಬಾಗುತ್ತಾಳೆ.

"ಏನೂ ಇಲ್ಲರಿ" ಎಂದಳು. ಇನ್ನೊಂದು ತೊಟ್ಟು ಮುರಿದು, "ಕೈ ಸುಲಿದ್ರ ಹಚ್ಚೋ ಮುಲಾಮು ಇದ್ರ ಚೂರು ಕೊಡ್ರಿ. ನಾಳಿಂದ ಆಕಿ ಕೆಲಸಕ್ಕ ಹೋಗದಂಗ ನಾನ ನಮ್ಮನ್ಯಾಗ ಕುಂಡ್ರಿಸ್ಕೋತೀನಿ."

"ಯಾರನ್ನ?" ಎಂದಳು ಕಲಾವತಿ.

"ನಮ್ಮ ಗೆಳತಿ ಒಬ್ಬಾಕಿ ಅದಾಳ್ರಿ. ಸೋಮವಾರ ತನಕ ಅಷ್ಟ."

"ಮಾತಿನ ಮಲ್ಲಿ ಇವತ್ತು ಭಾಳ ಸಪ್ಪಗದಾಳ" ಎಂದು ಕಲಾವತಿ ಗಂಡನಿಗೆ ಹೇಳಿ ನಕ್ಕಳು.

ಅವಳು ಮನೆಗೆ ಬಂದಾಗ ದೀಪ ಹಚ್ಚುವ ಹೊತ್ತು. ಶಂಕರಪ್ಪ ಹೊಸ್ತಿಲಲ್ಲೇ ಕಾಯುತ್ತಿದ್ದ. ಅವಳನ್ನು ಕಂಡು ಹುಬ್ಬು ಎತ್ತಿದ. ನೀಲಾಂಬಿಕಾ ಕಂದೀಲು ಹಚ್ಚಿ ಮೊಳೆಗೆ ತೂಗುಹಾಕಿದಳು. ಬೆಳಕು ತನ್ನ ಮುಖದ ಮೇಲೆ ಬೀಳುವಂತೆ, ಅವನ ಎದುರಿಗೆ ಬಂದು ನಿಂತಳು.

"ಹೇಳೀನ್ರಿ" ಎಂದಳು, ಒಂದೊಂದು ಅಕ್ಷರವನ್ನೂ ಬಿಡಿಸಿ. "ಎದುರಿಗಿ ನಿಂದ್ರತಾರಂತ."

ಅವನ ಭುಜ ಇಳಿಯಿತು. ಬೆಳಿಗ್ಗೆಯಿಂದ ಮೊದಲ ಸಲ ನಕ್ಕ. "ಭಾಳ ಹಸಿದೀನಿ ನೋಡ" ಎಂದು, ಒಲೆಗೆ ಬೆನ್ನು ಮಾಡಿ ಕೂತು, ಕಾಲು ಚಾಚಿ, ಬಾಗಿಲಾಚೆಯ ಕತ್ತಲನ್ನು ನೋಡುತ್ತ ಊರಿನ ಯಾವುದೋ ಸಂಗತಿ ಹೇಳತೊಡಗಿದ. ಅವಳು ಜೋಳದ ಹಿಟ್ಟಿಗೆ ಬಿಸಿನೀರು ಹಾಕಿ ಮಿದ್ದಳು. ಉಂಡೆ ಮಾಡಿ ಹಲಗೆಯ ಮೇಲಿಟ್ಟು ಬಡಿಯತೊಡಗಿದಳು. ರೊಟ್ಟಿ ಅಂಚಿನಲ್ಲಿ ತೆಳ್ಳಗಾಗುತ್ತ ಬಂತು; ಬಡಿತ ಗೋಡೆಯಿಂದ ಗೋಡೆಗೆ ಹೋಗಿ ಆ ಸಣ್ಣ ಮನೆಯನ್ನು ತುಂಬಿತು. ಅವನು ಬೆನ್ನು ತಿರುಗಿಸಿಕೊಂಡೇ ಮಾತಾಡುತ್ತಿದ್ದ.